ಲೇಬಲ್ಲಿಲ್ಲದ ಸೀಸೆಗಳು

ಅಟೆಂಡರು ಮೂವತ್ತಾರು ವರ್ಷ ಒಂದು ಪ್ರಯೋಗಶಾಲೆಯಲ್ಲಿ ಗಾಜು ತೊಳೆದವರು. ನಿವೃತ್ತರಾದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಮಗಳ ಮನೆಗೆ ಬಂದು ನೆಲೆಸಿದಾಗ ಅದೂ ಬೆನ್ನಿಗೆ ಬಿದ್ದು ಬಂತು, ಇಡೀ ಕಟ್ಟಡ ಅವರನ್ನು ಹಾಗೇ ಕರೆಯಿತು. ಮಗಳು ಒಳ್ಳೆಯವಳು. ಬಸ್ಸು ಓಡಿಸುವ ಅಳಿಯ ಅವಳಿಗಿಂತ ಒಂದು ತೂಕ ಹೆಚ್ಚೇ ಒಳ್ಳೆಯವನು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರ ಮನೆಯಲ್ಲಾದರೆ ಜಗಳವಾಡಿಕೊಂಡಾದರೂ ಉಣ್ಣಬಹುದು. ಒಳ್ಳೆಯವರ ಮನೆಯಲ್ಲಿ ಸುಮ್ಮನೆ ಕೂತು ಉಂಡರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಲೋಟ ತೊಳೆಯಲು ಹೋದರೂ ಮಗಳು ಕೈಯಿಂದ ಕಸಿದುಕೊಂಡು, "ನೀವು ಕೂತ್ಕೊಳ್ಳಿ ಅಪ್ಪ" ಅನ್ನುತ್ತಿದ್ದಳು. ಹನ್ನೊಂದು ತಿಂಗಳಿಂದ ಅವರು ಕೂತೇ ಇದ್ದರು.

ಅಷ್ಟರಲ್ಲಿ ಬಾಟಲಿ ಠೇವಣಿ ಜಾರಿಗೆ ಬಂತು. ಸೋಡಾ, ಹಣ್ಣಿನ ರಸ ಕೊಂಡಾಗ ಗಾಜಿನ ಬಾಟಲಿಗೆಂದು ಅಂಗಡಿಯವರು ಬೆಲೆಯ ಮೇಲೆ ಚೂರು ಹೆಚ್ಚು ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ದೊಡ್ಡ ಅಂಗಡಿಯ ಮುಂದಿನ ಯಂತ್ರಕ್ಕೆ ಹಾಕಿದರೆ ಆ ಚೂರು ವಾಪಸು. ನಾಲ್ಕು ಮಹಡಿಯ ಆ ಕಟ್ಟಡದಲ್ಲಿ ಬಾಟಲಿ ಹೊತ್ತು ಹೋಗಲು ಯಾರಿಗೂ ಪುರುಸೊತ್ತಿರಲಿಲ್ಲ. "ಎಲ್ಲರದ್ದೂ ಒಬ್ರೇ ಹಾಕಿ ಬರ್ಲಿ, ಬಂದದ್ದರಲ್ಲಿ ಮೆಟ್ಟಿಲ ದೀಪ ರಿಪೇರಿ ಮಾಡಿಸೋಣ" ಎಂದರು ಕಟ್ಟಡದ ಸೆಕ್ರೆಟರಿ ಮೇಡಂ. ಸಭೆಯಲ್ಲಿದ್ದವರು ತಂತಮ್ಮ ಚಪ್ಪಲಿ ನೋಡಿಕೊಂಡರು. ಅಟೆಂಡರು ಕೈ ಎತ್ತಿದರು.

ಮೇಡಂ ಮೆಟ್ಟಿಲ ಕೆಳಗಿನ ಕೋಣೆಯ ಬೀಗದಕೈ ಕೊಟ್ಟರು. ಒಳಗೆ ಒಂದು ನಲ್ಲಿ, ಒಂದು ತೊಟ್ಟಿ, ನಿಂತರೆ ತಲೆಗೆ ತಾಗುವ ಇಳಿಜಾರು ಸೂರು. "ಒಂದು ತಿಂಗಳು ನೋಡೋಣ. ಸರಿಹೋದ್ರೆ ಈ ಕೋಣೆ, ಈ ಕೆಲಸ ಎರಡೂ ನಿಮ್ದೇ. ಇಲ್ಲಾಂದ್ರೆ ಸೈಕಲ್ ಇಡೋಕೆ ಮೂರನೇ ಮಹಡಿಯವ್ರು ಆಗ್ಲೇ ಕೇಳ್ತಿದಾರೆ."

ಆ ತಿಂಗಳು ಅಟೆಂಡರು ಬೆಳಗಿನ ಕಾಫಿ ಮುಗಿಸಿ ಕೆಲಸಕ್ಕೆ ಹೋದರು. ಹಾಗೆಂದೇ ಮಗಳಿಗೆ ಹೇಳುತ್ತಿದ್ದರು: "ಕೆಲಸಕ್ಕೆ ಹೋಗ್ಬರ್ತೀನಮ್ಮ." ಇಪ್ಪತ್ತೆರಡು ಮೆಟ್ಟಿಲಿನ ಪ್ರಯಾಣ. ಬಂದ ಸೀಸೆಗಳನ್ನು ಬಿಸಿನೀರು, ಸೋಡಾಪುಡಿಯಲ್ಲಿ ನೆನೆಹಾಕಿ, ಲೇಬಲ್ಲು ಕಿತ್ತು, ಅಂಟನ್ನು ಉಗುರಿನಿಂದ ಕೆರೆದು, ಬ್ರಷ್ಷು ಆಡಿಸಿ, ಮೂರು ನೀರಿನಲ್ಲಿ ಜಾಲಿಸಿ ಬೋರಲು ಹಾಕುತ್ತಿದ್ದರು. ಲೇಬಲ್ಲಿನ ವಿಷಯದಲ್ಲಿ ಅವರದು ಕಡುಕೋಪ. ಪ್ರಯೋಗಶಾಲೆಯಲ್ಲಿ ಒಮ್ಮೆ ಹಳೆಯ ಲೇಬಲ್ಲು ಉಳಿದಿದ್ದ ಸೀಸೆಗೆ ಯಾರೋ ಆಮ್ಲ ತುಂಬಿಟ್ಟು, ಇನ್ಯಾರೋ ಅದನ್ನು ನೀರೆಂದು ನಂಬಿ ಅಂಗೈ ಸುಟ್ಟುಕೊಂಡಿದ್ದರು. ಅಂದಿನಿಂದ ಅವರ ಕೈಯಿಂದ ಆಚೆ ಹೋದ ಗಾಜಿನ ಮೇಲೆ ಹಿಂದಿನ ಜನ್ಮದ ಗುರುತು ಉಳಿದದ್ದಿಲ್ಲ.

ತಿಂಗಳ ಕೊನೆಗೆ ಇನ್ನೂರ ಹನ್ನೆರಡು ಸೀಸೆ ಸೇರಿದವು. ರಜೆಯಿದ್ದ ಅಳಿಯ ತಳ್ಳುಗಾಡಿ ತಂದ. ಅಟೆಂಡರು ಇಸ್ತ್ರಿ ಮಾಡಿದ ಅಂಗಿ ತೊಟ್ಟರು.

ಯಂತ್ರಕ್ಕೆ ಎದೆಮಟ್ಟದಲ್ಲಿ ಒಂದು ದುಂಡು ಬಾಯಿ. ಮೊದಲ ಸೀಸೆಯನ್ನು ಒಳಗೆ ಎಳೆದುಕೊಂಡು, ಬೆಳಕು ಬಿಟ್ಟು, ಎರಡು ಸುತ್ತು ತಿರುಗಿಸಿ ನೋಡಿ, ಹೊರಕ್ಕೆ ತಳ್ಳಿತು. ಪರದೆಯ ಮೇಲೆ "ಗುರುತು ಸಿಗಲಿಲ್ಲ" ಎಂದು ಬಂತು. ಎರಡನೆಯದೂ ಹಾಗೇ. ಅಟೆಂಡರು ಅಂಗಿಯ ತುದಿಯಿಂದ ಮೂರನೆಯದನ್ನು ಒರೆಸಿ ಹಾಕಿದರು. ಅದೂ ಬಂತು. ಒಂಬತ್ತನೆಯದರ ಹೊತ್ತಿಗೆ ಹಿಂದೆ ಸಾಲು ಬೆಳೆದಿತ್ತು.

"ಏನ್ ಯಜಮಾನ್ರೇ, ಮಗೂಗೆ ಊಟ ಮಾಡಿಸ್ತಿದೀರಾ?" ಎಂದ ಹಿಂದೆ ನಿಂತಿದ್ದವನು. "ಬೇಡ ಅಂತ ಉಗೀತಿದೆ, ಬಿಟ್ಬಿಡಿ."

ಅಂಗಡಿಯ ಕೆಲಸದ ಹುಡುಗಿ ಬಂದಳು. ಒಂದು ಸೀಸೆ ಎತ್ತಿ ನೋಡಿದಳು. ಆಮೇಲೆ ಗಾಡಿ ನೋಡಿದಳು.

"ಲೇಬಲ್ ಎಲ್ಲಿ ತಾತ?"

"ತೆಗ್ದೆ."

"ಎಲ್ಲದ್ರದ್ದೂನಾ?"

"ಮತ್ತೆ? ಹಳೇ ಲೇಬಲ್ಲಿರೋ ಸೀಸೆನ ಮರ್ಯಾದಸ್ಥರು ವಾಪಸ್ ಕೊಡ್ತಾರೇನಮ್ಮ?"

"ಎಲ್ರೂ ಹಾಗೇ ಕೊಡೋದು. ಲೇಬಲ್ ಮೇಲಿನ ಗೆರೆ ನೋಡೇ ಅದು ಇದ್ಯಾವ ಬಾಟ್ಲಿ ಅಂತ ತಿಳ್ಕೊಳ್ಳೋದು."

"ಯಾವ್ದು ಅಂತ ನಾನ್ ಹೇಳ್ತೀನಲ್ಲ. ಇದು ಸೋಡಾದ್ದು. ಆ ಗಿಡ್ಡದ್ದು ಕಿತ್ತಳೆ ರಸದ್ದು."

"ನೀವೇನೋ ಹೇಳ್ತೀರಿ. ಅದಕ್ಕೆ ಕಿವಿ ಇಲ್ವಲ್ಲ." ಹುಡುಗಿ ನಗುತ್ತಿರಲಿಲ್ಲ. "ಇಷ್ಟೊಂದು ಯಾಕ್ ತೊಳೆಯೋಕೆ ಹೋದ್ರಿ? ಕಾರ್ಖಾನೇಲಿ ಹೇಗೂ ಎಲ್ಲಾನೂ ತೊಳೀತಾರೆ. ಇವನ್ನ ಇನ್ನು ಮೂಲೇಲಿರೋ ಹಸಿರು ಡಬ್ಬಿಗೆ ಹಾಕ್ಬಿಡಿ. ಅಲ್ಲಿ ದುಡ್ಡು ಬರಲ್ಲ, ಕರಗ್ಸೋಕೆ ತಗೊಂಡ್ಹೋಗ್ತಾರೆ ಅಷ್ಟೇ."

ಹಸಿರು ಡಬ್ಬಿ ಆಳೆತ್ತರದ ಕಬ್ಬಿಣದ ತೊಟ್ಟಿ. ಮೇಲಿನ ಕಂಡಿಯಿಂದ ಹಾಕಿದ ಸೀಸೆ ತಳ ಸೇರುವ ಹೊತ್ತಿಗೆ ಸೀಸೆಯಾಗಿ ಉಳಿಯುತ್ತಿರಲಿಲ್ಲ. ಮೂವತ್ತಾರು ವರ್ಷದಲ್ಲಿ ಅಟೆಂಡರ ಕೈಯಲ್ಲಿ ಒಡೆದದ್ದು ಏಳು. ಯಾವ ಏಳು, ಯಾವ ಮೇಜಿನಿಂದ ಬಿದ್ದದ್ದು ಎಂದು ಇವತ್ತೂ ಕೇಳಬಹುದು.

ಮಾವನ ಮುಖ ನೋಡಿ ಅಳಿಯ ಗಾಡಿಯನ್ನು ತನ್ನ ಕಡೆ ಎಳೆದುಕೊಂಡ. "ಮಾವ, ನೀವು ಆ ಬೆಂಚಲ್ಲಿ ಕೂತ್ಕೊಳ್ಳಿ. ನಾನ್ ಹಾಕ್ತೀನಿ."

ಅದೊಂದು ಮಾತು ಅವನು ಆಡಬಾರದಿತ್ತು. ಅಟೆಂಡರು ಮುಂದೆ ಬಂದು ಸೀಸೆಯ ಕುತ್ತಿಗೆ ಹಿಡಿದು ಎತ್ತಿದರು. ಮೊದಲನೆಯದನ್ನು ಕಂಡಿಯೊಳಗೆ ತೋಳಿನವರೆಗೂ ಇಳಿಸಿ ಮೆಲ್ಲಗೆ ಬಿಟ್ಟರು. ಮೆಲ್ಲಗೆ ಬಿಟ್ಟದ್ದೂ ಒಡೆಯಿತು. ಹತ್ತಾದ ಮೇಲೆ ಮೆಲ್ಲಗೆ ಬಿಡುವುದನ್ನು ನಿಲ್ಲಿಸಿದರು. ಅಳಿಯ ಎತ್ತಿ ಕೊಡುತ್ತಿದ್ದ, ಅವರು ಹಾಕುತ್ತಿದ್ದರು. ದಾರಿಯಲ್ಲಿ ಹೋಗುವವರು ಕಿವಿ ಮುಚ್ಚಿಕೊಂಡು ದಾಟಿದರು. ಮುಕ್ಕಾಲು ಗಂಟೆ ಹಿಡಿಯಿತು.

"ಕಟ್ಟಡದವ್ರಿಗೆ ಯಂತ್ರ ಕೆಟ್ಟಿತ್ತು ಅನ್ನೋಣ" ಎಂದ ಅಳಿಯ, ಖಾಲಿ ಗಾಡಿ ತಳ್ಳುತ್ತಾ.

"ಯಂತ್ರ ನೆಟ್ಟಗಿದೆಯಪ್ಪ."

ಮನೆಗೂ ಹೋಗದೆ ಅವರು ನೇರ ಮೇಡಂ ಬಾಗಿಲು ತಟ್ಟಿದರು. ನಡೆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿ ಬೀಗದಕೈಯನ್ನು ಮೇಜಿನ ಮೇಲಿಟ್ಟರು. ಮೇಡಂ ತರಕಾರಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು.

"ಇನ್ನೂರ ಹನ್ನೆರಡೂನಾ?"

"ಒಂದೂ ಉಳಿದಿಲ್ಲ."

ಮೇಡಂ ನಗು ತಡೆಯಲು ನೋಡಿ ಸೋತರು. "ಇರ್ಲಿ ಬಿಡಿ. ಕತ್ತಲಲ್ಲಿ ಹತ್ತೋದು ನಮಗೇನು ಹೊಸದಾ, ಇನ್ನೊಂದು ತಿಂಗಳು ತಡಕಾಡ್ಕೊಂಡು ಹತ್ತೋಣ." ಬೀಗದಕೈಯನ್ನು ಹಿಂದಕ್ಕೆ ಸರಿಸಿದರು. "ಕೆಲಸ ನೀವೇ ಮಾಡಿ. ಆದ್ರೆ ಒಂದೇ ಒಂದು ಷರತ್ತು. ಇನ್ಮೇಲೆ ಬಾಟ್ಲಿಗೆ ನೀರು ಮುಟ್ಟಿಸ್ಬಾರ್ದು. ಬಂದದ್ದು ಬಂದ ಹಾಗೆ ಹೋಗ್ಬೇಕು."

ಕೊಳಕು ಸೀಸೆಯನ್ನು ಕೊಳಕಾಗಿಯೇ ಇನ್ನೊಬ್ಬರ ಕೈಗೆ ದಾಟಿಸುವುದಕ್ಕೆ ಆಳು ಯಾಕೆ ಬೇಕು ಎಂದು ಅಟೆಂಡರು ಕೇಳಬಹುದಿತ್ತು. ಅದರ ಬದಲು ಅವರಿಗೆ ಮಗಳ ಮನೆಯ ಕುರ್ಚಿ ನೆನಪಾಯಿತು, ಅದರ ಮೇಲಿನ ಮೆತ್ತೆ, ಮೆತ್ತೆಯಲ್ಲಿ ಬಿದ್ದಿದ್ದ ಕುಳಿ. ಬೀಗದಕೈ ಎತ್ತಿಕೊಂಡರು.

ಮರುದಿನ ಕಾಫಿ ಮುಗಿಸಿ ಕೆಲಸಕ್ಕೆ ಹೋದರು. ವಾರ ಕಳೆಯುವುದರೊಳಗೆ ಕೋಣೆ ಹುಳಿನಾತ ಹೊಡೆಯತೊಡಗಿತು, ಸಣ್ಣ ನೊಣಗಳು ಸೀಸೆಗಳ ಬಾಯಲ್ಲಿ ಸಂಸಾರ ಹೂಡಿದವು. ಅಟೆಂಡರು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಅದಕ್ಕೊಂದು ಬಟ್ಟೆ ಸುತ್ತಿದರು. ಲೇಬಲ್ಲುಗಳು ಎದುರಿಗೆ ಕಾಣುವಂತೆ ಸೀಸೆಗಳನ್ನು ಸಾಲಾಗಿ ನಿಲ್ಲಿಸಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಾಗಿಲ ಬಳಿ ಕೂರುತ್ತಿದ್ದರು.

ಎರಡನೇ ಮಹಡಿಯ ಟೈಲರಮ್ಮ ಒಂದು ಸಂಜೆ ಕೈಚೀಲದೊಂದಿಗೆ ಇಳಿದು ಬಂದಳು. ಚೀಲದಿಂದ ನಾಲ್ಕು ಸೀಸೆ ತೆಗೆದು ಒಂದೊಂದಾಗಿ ಮೆಟ್ಟಿಲ ಮೇಲಿಟ್ಟಳು. ನಾಲ್ಕೂ ಥಳಥಳ, ಲೇಬಲ್ಲಿರಲಿ, ಅಂಟಿನ ಚುಕ್ಕೆಯೂ ಇಲ್ಲ.

"ವಯಸ್ಸಾದವ್ರ ಕೈಲಿ ತೊಳೆಸ್ಬಾರ್ದು ಅಂತ ಮೇಡಂ ನಿಲ್ಸಿದಾರಂತಲ್ಲ" ಎಂದಳು. "ಅದಕ್ಕೇ ನಾನೇ ತೊಳ್ಕೊಂಡ್ ಬಂದೆ. ಹೊಲಿಗೆ ಬಿಟ್ಟು ಅರ್ಧ ಮಧ್ಯಾಹ್ನ ಕೂತು ಉಜ್ಜಿದೀನಿ, ನೋಡಿ."

ಅಟೆಂಡರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು. ತಳ ನೋಡಿದರು, ಕುತ್ತಿಗೆ ನೋಡಿದರು, ಬಾಯಂಚಿನ ಸುತ್ತ ಹೆಬ್ಬೆರಳು ಆಡಿಸಿದರು.

"ಚೆನ್ನಾಗಿ ತೊಳ್ದಿದೀಯ ತಾಯಿ."

"ಹೌದಾ?" ಅವಳ ಮುಖ ಅರಳಿತು.

"ಇಷ್ಟು ಚೆನ್ನಾಗಿ ತೊಳೆಯೋರನ್ನ ನಾನು ಇಬ್ಬರನ್ನೋ ಮೂವರನ್ನೋ ನೋಡಿದೀನಿ." ಅವರು ಸೀಸೆಯನ್ನು ಅವಳ ಚೀಲದೊಳಗೆ ಇಟ್ಟರು, ಉಳಿದ ಮೂರನ್ನೂ ಇಟ್ಟರು. "ತಗೊಳ್ಳೋಕಾಗಲ್ಲ. ವಾಪಸ್ ತಗೊಂಡ್ಹೋಗು."