ಅತ್ತೆ ಕುದಿಸಿದ ಚೆಂಡು

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದವರಿಗೆ ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ತೂತುಗಳಲ್ಲಿ ಬೆರಳು ತೂರಿಸಿ, ಹಲಗೆ ಹಾಸಿನ ಮೇಲೆ ಉರುಳಿಸಿ ಪಿನ್ನು ಬೀಳಿಸುವ ಸೊಸೆಯ ಬೌಲಿಂಗ್ ಚೆಂಡು ಕಪಾಟಿನಲ್ಲಿ ಜಿಡ್ಡುಗಟ್ಟಿ ಕೂತಿತ್ತು. ಆಟದ ಹಲಗೆಗೆ ಸವರುವ ಎಣ್ಣೆಯನ್ನೆಲ್ಲ ಅದು ಕುಡಿದುಬಿಟ್ಟಿತ್ತು. ಭಾನುವಾರ ಪಂದ್ಯ. ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅತ್ತೆ ಅಕ್ಕರೆಯಿಂದಲೇ ಚೆಂಡನ್ನು ದೊಡ್ಡ ಪಾತ್ರೆಗೆ ಹಾಕಿ, ಹಿಂದೆ ಕತ್ತರಿ ಚಿಮುಟಗಳನ್ನು ಕುದಿಸುತ್ತಿದ್ದಂತೆ ಇಪ್ಪತ್ತು ನಿಮಿಷ ಕುದಿಸಿದರು. ಜಿಡ್ಡೇನೋ ಬಿಟ್ಟಿತು. ಆರಲಿಟ್ಟಾಗ ಟಪ್ಪೆಂದು ಸದ್ದಾಯಿತು. ಹೆಬ್ಬೆರಳಿನ ತೂತಿನಿಂದ ಎರಡು ಬೆರಳುದ್ದ ಬಿರುಕು.

ಸೊಸೆ ಬೌಲಿಂಗ್ ಆಡುವ ಆಟದ ಮನೆಯ ಹಿಂದಿನ ಕೋಣೆಯಲ್ಲಿ ಚೆಂಡು ರಿಪೇರಿ ಮಾಡುವವನನ್ನು ಎಲ್ಲರೂ ಗುಂಡು ಡಾಕ್ಟರ್ ಎನ್ನುತ್ತಿದ್ದರು. ಅತ್ತೆ ಚೆಂಡನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿ ತಂದು, ಅವನ ಮುಂದಿಟ್ಟು, ತಪ್ಪೊಪ್ಪಿಕೊಂಡರು. ಸೊಸೆಗೆ ಗೊತ್ತಾಗದ ಹಾಗೆ ಸರಿಮಾಡಿಕೊಡಬೇಕೆಂದು ಬೇಡಿದರು. ಮನೆಗೆ ಬಂದು ಮೂರು ವರ್ಷವಾಯಿತು, ಆ ಹುಡುಗಿ ಒಂದು ದಿನ ಎದುರು ಮಾತಾಡಿಲ್ಲ; ಬೇಕಾದಷ್ಟೇ ಮಾತು, ಬೇಕಾದಷ್ಟೇ ಮರ್ಯಾದೆ. ಇಷ್ಟಾದರೂ ಕೂಡಿದ ಮನಸ್ಸು ಇದರಿಂದ ಮುರಿದರೆ ಏನು ಗತಿ ಎಂಬುದು ಅವರ ಭಯ.

ಅವನು ಬಿರುಕಿನ ಮೇಲೆ ಉಗುರಾಡಿಸಿ ನೋಡಿದ. ಅಂಟು ತುಂಬಿ, ಪಟ್ಟಿಯಿಂದ ಬಿಗಿದು ಒಂದು ದಿನ ಬಿಟ್ಟರೆ ಕೂಡುತ್ತದೆ, ಆದರೆ ಹೆಬ್ಬೆರಳಿನ ತೂತನ್ನು ಪೂರ್ತಿ ಮುಚ್ಚಿ ಹೊಸದಾಗಿ ಕೊರೆಯಲೇಬೇಕು ಎಂದ.

“ಕೊರೀರಿ ಮತ್ತೆ.”

“ಯಾರ ಬೆರಳಿಗೆ ಕೊರೀಲಿ, ನರ್ಸಮ್ಮ? ಪೇಷಂಟ್ ಇಲ್ದೆ ಆಪರೇಷನ್ ಮಾಡೋಕಾಗುತ್ತಾ?”

ಅತ್ತೆ ತಮ್ಮ ಹೆಬ್ಬೆರಳನ್ನೇ ಮುಂದೆ ಚಾಚಿದರು. ಅವನು ಅದನ್ನು ನೋಡಿ ನಕ್ಕುಬಿಟ್ಟ. ಮುಚ್ಚಿಡುವ ದಾರಿಯನ್ನು ಭಗವಂತನೇ ಮುಚ್ಚಿದ ಮೇಲೆ ನಾವು ಬೇರೆ ದಾರಿ ಹುಡುಕಬಾರದು ಎಂದುಕೊಂಡರು ಅತ್ತೆ. ಸ್ಟೂಲಿನ ಮೇಲೆ ಕೂತು, ಎರಡು ಗಳಿಗೆ ಕಣ್ಮುಚ್ಚಿ, ಅವರು ಸೊಸೆಗೆ ಫೋನ್ ಮಾಡಿದರು.

ಸೊಸೆ ಕೆಲಸದ ಬಟ್ಟೆಯಲ್ಲೇ ಬಂದಳು. ಚೆಂಡಿನ ಮೇಲೆ ಕೈಯಾಡಿಸಿದಳು.

“ಎಷ್ಟು ಹೊತ್ತು ಕುದಿಸಿದ್ರಿ ಅತ್ತೆ?”

“ಇಪ್ಪತ್ತು ನಿಮಿಷ.”

“ಉಪ್ಪು ಹಾಕಿದ್ರಾ?”

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಹಾಕಲಿಲ್ಲ ಎಂದು ಗಂಭೀರವಾಗಿಯೇ ಹೇಳಿದರು. ಗುಂಡು ಡಾಕ್ಟರ್ ಗೋಡೆಯ ಕಡೆ ತಿರುಗಿಕೊಂಡ. ಸೊಸೆ ತುಟಿ ಕಚ್ಚಿ ತಡೆದುಕೊಂಡವಳು ಕೊನೆಗೆ ತಡೆಯಲಾರದೆ ನಕ್ಕಳು. ನಗುತ್ತಲೇ ಹೆಬ್ಬೆರಳನ್ನು ಅಳತೆಗೆ ಕೊಟ್ಟಳು.

ಶನಿವಾರ ಸಂಜೆಗೆ ಚೆಂಡು ಸಿದ್ಧವಾಯಿತು. ಉಜ್ಜಿ ಪಾಲಿಶ್ ಮಾಡಿದ್ದರೂ ಬಿರುಕಿದ್ದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಉಳಿದಿತ್ತು. ಪ್ರತಿ ಆಟ ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಒಲೆ ಹತ್ತಿರ ಮಾತ್ರ ಒಯ್ಯಬೇಡಿ ಎಂದು ಅವನು ಅತ್ತೆಯ ಕಡೆ ನೋಡಿಯೇ ಹೇಳಿದ.

ಭಾನುವಾರ ಮೊದಲ ಎಸೆತಕ್ಕೇ ಏಳು ಪಿನ್ನು ಬಿದ್ದವು, ಅಂಟು ಬಿಡಲಿಲ್ಲ. ಬೆಂಚಿನ ಮೇಲಿದ್ದ ಅತ್ತೆಯನ್ನು ಸೊಸೆ ತನ್ನ ಗೆಳತಿಯರಿಗೆ ಪರಿಚಯಿಸಿದಳು.

“ಇವರು ನಮ್ಮತ್ತೆ. ಶೂಸ್ ಹುಷಾರು ಕಣ್ರೇ, ಕುದಿಸಿಬಿಡ್ತಾರೆ.”

ಎಲ್ಲರೂ ನಕ್ಕರು. ಮೂರು ವರ್ಷದಲ್ಲಿ ಸೊಸೆ ತಮ್ಮನ್ನು ಗೇಲಿ ಮಾಡಿದ್ದು ಆ ವಾರವೇ ಮೊದಲು. ಅತ್ತೆ ಬೆಂಚಿನ ಮೇಲೆ ಇನ್ನಷ್ಟು ಆರಾಮವಾಗಿ ಒರಗಿ ಕೂತರು.