ಬರಡು ಹೊಲದ ರೊಟ್ಟಿ

“ಚಪ್ಪಲಿ ಗೇಟಿನ ಆಚೆ ಬಿಡ್ರೋ! ನಿಮ್ಮ ಕೆಂಪು ಕಾಲು ಈ ಮಾರ್ಬಲ್ ಮೇಲೆ ಬಿದ್ದರೆ ವಾರಗಟ್ಟಲೆ ಉಜ್ಜಬೇಕು.”

ದಿಲ್ಲಿಯ ಜನಕಪುರಿಯಲ್ಲಿ ಜಗನ್ನಾಥ ಸಾಹೇಬರು ನಮ್ಮನ್ನು ಸ್ವಾಗತಿಸಿದ್ದು ಹೀಗೆ. ಗಣಿಗೆ ಭೂಮಿ ಕೊಡುವ ಫೈಲು ಇವರ ಮೇಜು ದಾಟಿಯೇ ಹೋಗಬೇಕು. ಗದಗಿನ ಕಡೆಯವರು, ಕನ್ನಡ ಬಲ್ಲವರು, ಮನೆಗೇ ಹೋಗಿ ಕೈಮುಗಿಯಿರಿ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರು. ಅದನ್ನು ನಂಬಿ ನಾನೂ ನನ್ನ ಅತ್ತಿಗೆ ಹುಲಿಗೆವ್ವನೂ ಸಂಡೂರಿನ ಕಡೆಯಿಂದ ರೈಲು ಹತ್ತಿ ಬಂದಿದ್ದೆವು. ಚೀನಾದವರಿಗೆ ನಮ್ಮ ಗುಡ್ಡಗಳ ಕಬ್ಬಿಣದ ಅದಿರಿನ ಮೇಲೆ ಮೋಹ ಹುಟ್ಟಿದ್ದ ಕಾಲ ಅದು. ಗುಡ್ಡ ಅಗೆದು ಮುಗಿಸಿದ ಕಂಪನಿಯ ಕಣ್ಣು ಈಗ ಅತ್ತಿಗೆಯ ಹೊಲದ ಮೇಲೆ ಬಿದ್ದಿತ್ತು. ಅಣ್ಣ ಸತ್ತ ಮೇಲೆ ಅವಳಿಗೆ ಅನ್ನ ಹಾಕುತ್ತಿದ್ದುದು ಆ ಹೊಲ ಒಂದೇ.

ಸಾಹೇಬರು ಕುರ್ಚಿಯಲ್ಲಿ ಕೂತರು, ನಾವು ವರಾಂಡದ ಮೆಟ್ಟಿಲ ಮೇಲೆ.

“ಫೈಲಿನಲ್ಲಿ ಕ್ಲಿಯರ್ ಆಗಿದೆಯಮ್ಮ. ಬರಡು ಭೂಮಿ, ಏನೂ ಬೆಳೆಯಲ್ಲ ಅಂತ. ನಾಳೆ ಸೈನ್ ಮಾಡ್ತೀನಿ. ಚಲೋ, ಖತಂ.”

“ಬರಡು ಅಂತ ಯಾವ ಸೂಳೆಮಗ ಬರದಾನ್ರಿ?” ಅತ್ತಿಗೆ ಕೇಳಿದಳು. “ಹೊಲಕ್ಕ ಬಂದು ನೋಡ್ಯಾನೇನ್ರಿ ಅವ?”

“ಏಯ್! ಬಾಯಿ ಬಿಗಿಹಿಡಿ. ಇದು ನಿಮ್ಮೂರ ಸಂತೆಯಲ್ಲ.” ಅಷ್ಟರಲ್ಲಿ ಅವರ ಕಣ್ಣು ಅತ್ತಿಗೆಯ ಮಡಿಲಲ್ಲಿದ್ದ ಗಂಟಿನ ಮೇಲೆ ನಿಂತಿತು. “ಏನದು?”

“ದಾರಿಬುತ್ತಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ.”

ಸಾಹೇಬರ ಮುಖ ಸಡಿಲಾಯಿತು. ಅದರ ಹಿಂದೆಯೇ ಭಾಷೆಯೂ ಸಡಿಲಾಯಿತು.

“ಜೋಳದ್ದ? ಯವ್ವಾ, ಎಷ್ಟ್ ವರ್ಷ ಆತು! ಇಲ್ಲಿ ಗೋಧಿ ತಿಂದು ತಿಂದು ನಾಲಿಗಿ ಸತ್ತ ಹೋಗೇತಿ. ತಾ ಇಲ್ಲಿ.”

“ರೀ, ಯಾರು ಮಾಡಿದ್ದೋ ಏನೋ,” ಎಂದು ಅವರ ಹೆಂಡತಿ ಸರಳಾ ಮೇಡಂ ಒಳಗಿನಿಂದಲೇ ಎಚ್ಚರಿಸಿದರು.

“ಊರ ರೊಟ್ಟಿ ಅದು, ಸುಮ್ನಿರಲೇ.”

ತಿಂದರು ನೋಡಿ! ಮೀಸೆಗೆ ಚಟ್ನಿ, ಅಂಗಿಗೆ ಚೂರು. ಎರಡನೆಯ ರೊಟ್ಟಿಯಲ್ಲಿ ಏನೋ ಕಟಂ ಎಂದಿತು.

“ಹಳ್ಳು ಐತೇನಬೇ?”

“ಅದಿರಿನ ಧೂಳ್ರಿ. ಲಾರಿ ಓಡ್ಯಾಡಿ ತೆನಿ ಮ್ಯಾಲೆ ಕುಂತಿರ್ತೈತಿ. ಎಷ್ಟ ಕೇರಿದ್ರೂ ಹೋಗಂಗಿಲ್ಲ.”

“ಇರಲಿ ಬಿಡು, ಕಬ್ಬಿಣ ಮೈಗೆ ಒಳ್ಳೇದು,” ಎಂದು ತಮ್ಮ ಜೋಕಿಗೆ ತಾವೇ ನಕ್ಕು ಮೂರನೆಯದಕ್ಕೆ ಕೈ ಹಾಕಿದರು. “ಏನ್ ರುಚಿ! ಯಾವ ಸೀಮಿ ಜೋಳ ಇದು?”

“ಅದ ಹೊಲದ್ದುರಿ. ನಾಳೆ ಸಹಿ ಮಾಡ್ತೀರಲ್ಲ, ಆ ಬರಡು ಹೊಲದ್ದು.”

ಅಗಿಯುತ್ತಿದ್ದ ಬಾಯಿ ನಿಂತಿತು. ಸಿಕ್ಕಿಬಿದ್ದ ಸಾಹೇಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಬೇರೆ ಏನೂ ತೋಚದಿದ್ದಾಗ ದೊಡ್ಡವರು ಕೇಳುವ ಪ್ರಶ್ನೆಯನ್ನೇ ಕೇಳಿದರು.

“ಯಾವ ಪೈಕಿ ನೀವು?”

“ಊರಾಚೆ ಕೇರಿಯವ್ರುರಿ,” ಎಂದೆ ನಾನು.

ಕುರ್ಚಿ ಉರುಳಿತು. ಸಾಹೇಬರು ಬೇಸಿನ್ನಿಗೆ ಓಡಿ ಗಂಟಲಿಗೆ ಬೆರಳು ಹಾಕಿದರು. ಅದಿರು ದಕ್ಕಿತ್ತು, ಕೇರಿ ದಕ್ಕಲಿಲ್ಲ. ಮೇಡಂ ಫಿನಾಯಿಲ್ ಬಾಟಲಿ ಹಿಡಿದು ಬಂದು, ನಾವಿನ್ನೂ ಕೂತಿರುವಾಗಲೇ ಮೆಟ್ಟಿಲ ಮೇಲೆ ಸುರಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತಿಗೆ ಮಾತ್ರ ಸೆರಗು ಕೊಡವಿಕೊಂಡು ಎದ್ದಳು.

“ಏನ್ ಕಾರಾಕತ್ತೀರಿ ಸಾಹೇಬ್ರ? ಆ ಹೊಲದಾಗ ಏನೂ ಬೆಳೆಯಂಗಿಲ್ಲಲ್ಲ! ಇಲ್ಲದ ರೊಟ್ಟಿ ಹೆಂಗ ಹೊರಗ ಬರ್ತೈತಿ?”

“ಗೆಟ್ ಔಟ್! ನಾನು ತಿಂದದ್ದು ಇಲ್ಲಿ ಒಬ್ಬ ಕನ್ನಡದವನ ಕಿವಿಗೆ ಬಿದ್ದರೂ ನಿಮ್ಮನ್ನ ಪೊಲೀಸರಿಗೆ ಕೊಡ್ತೀನಿ!”

ಆ ಮಾತು ಅವರು ಆಡಬಾರದಿತ್ತು. ಅಲ್ಲಿಯತನಕ ಅತ್ತಿಗೆಗೆ ಅವರ ಹೆದರಿಕೆ ಯಾವುದೆಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಆಫೀಸಿನ ಗೇಟಿನ ಮುಂದೆ ಅತ್ತಿಗೆ ಉಳಿದ ಬುತ್ತಿ ಬಿಚ್ಚಿ ಕೂತಳು. ಚಹಾದ ಭಯ್ಯಾನಿಂದ ಆಗಲೇ ನಾಲ್ಕು ಹಿಂದಿ ಮಾತು ಕಲಿತಿದ್ದಳು.

“ಕ್ಯಾ ಹೈ, ಮಾಯೀ?” ಎಂದ ಗಾರ್ಡು.

“ರೋಟಿ. ಜಗನ್ನಾಥ ಸಾಬ್ ಖಾಯಾ. ತೂ ಭೀ ಖಾ.”

ಸಾಹೇಬರು ತಿಂದದ್ದೆಂದ ಮೇಲೆ ಅವನೇಕೆ ಬಿಟ್ಟಾನು? ಎರಡು ಇಸಿದುಕೊಂಡ. ಒಳಗೆ ಹೋಗುತ್ತಿದ್ದ ಕಾರಕೂನರು ನಿಂತರು. ನಿಂತವರಿಗೆಲ್ಲ ಅತ್ತಿಗೆ ಚಟ್ನಿ ಹಚ್ಚಿಕೊಟ್ಟು “ಸಾಬ್ ಖಾಯಾ, ಸಾಬ್ ಖಾಯಾ” ಎನ್ನುತ್ತಲೇ ಇದ್ದಳು. ಅವರಲ್ಲಿ ಇಬ್ಬರು ಕನ್ನಡದವರೂ ಇದ್ದರು.

ಅಷ್ಟರಲ್ಲಿ ಸಾಹೇಬರ ಕಾರು ಬಂತು. ನಮ್ಮನ್ನು ಕಂಡು ಗಾಜು ಮೇಲೇರಿತು. ಅತ್ತಿಗೆ ಹೋಗಿ ಬಾನೆಟ್ಟಿನ ಮೇಲೆ ಒಂದು ರೊಟ್ಟಿ ಇಟ್ಟಳು.

“ಯಪ್ಪಾ ಜಗನ್ನಾಥಾ! ಊರಾಚೆ ಕೇರಿ ಹುಲಿಗೆವ್ವ ನಾ, ನನ್ನ ಕೈಲೆ ಇಸ್ಕೊಂಡು ತಿಂದೀಯಲ್ಲೋ! ಆ ಹೊಲದಾಗ ಜೋಳ ಬೆಳಿತೈತಿ, ನಾ ಅದರ ರೊಟ್ಟಿ ತಿಂದೀನಿ ಅಂತ ಫೈಲಿನಾಗ ಬರಿ! ಬರೆಯೂತನಕ ದಿನಾ ಬಡದು ತರ್ತೀನಿ!”

ಕನ್ನಡದ ಇಬ್ಬರೂ ಅಗಿಯುವುದು ಬಿಟ್ಟು ಕಾರಿನ ಕಡೆ ನೋಡಿದರು. ಕಾರು ಒಂದೇ ಸಮನೆ ಹಾರ್ನ್ ಬಾರಿಸಿತು. ಗೇಟು ತೆಗೆಯಬೇಕಾದ ಗಾರ್ಡಿನ ಎರಡೂ ಕೈಯಲ್ಲಿ ರೊಟ್ಟಿಯಿತ್ತು.