ಅರ್ಧ ಹೆಬ್ಬೆರಳು

ಹನ್ನೊಂದಕ್ಕೆ ಚಿತ್ರ ಪೆಟ್ಟಿಗೆ ಸೇರಬೇಕಿತ್ತು. ಹೊರದೇಶದ ಪ್ರದರ್ಶನಕ್ಕೆ ಹೊರಡುವ ಮೊದಲು, ಇದು ಅಸಲಿ ಎಂದು ಸಂಗ್ರಹಾಲಯದ ಪರೀಕ್ಷಕಿ ಒಂದು ಸಹಿ ಹಾಕಿದರೆ ಮುಗಿಯಿತು. ಬರೀ ಶಾಸ್ತ್ರಕ್ಕೆ. ಕಿಟಕಿಯ ಬಳಿ ತಲೆ ಬಾಚಿಕೊಳ್ಳುವ ಆ ಹೆಂಗಸನ್ನು ನೂರು ವರ್ಷದಿಂದ ಊರೆಲ್ಲ ನೋಡುತ್ತ ಬಂದಿದೆ. ಅನುಮಾನಪಡುವವರಿಗೆ ತಲೆ ಕೆಟ್ಟಿರಬೇಕು.

ಆದರೂ ಪರೀಕ್ಷಕಿ ಚೌಕಟ್ಟು ಬಿಚ್ಚಿದಳು. "ಮುಖ ಯಾರು ಬೇಕಾದ್ರೂ ನಕಲು ಮಾಡ್ತಾರೆ, ನೀನು ಅಂಚು ನೋಡು" ಎಂದು ಕಲಿಸಿದ್ದು ಅಪ್ಪ. ಇದೇ ಕೋಣೆಯಲ್ಲಿ ಹಳೆಯ ಚಿತ್ರಗಳನ್ನು ಮೂವತ್ತು ವರ್ಷ ದುರಸ್ತಿ ಮಾಡಿದವರು. ನಿವೃತ್ತರಾಗಿ ಮನೆಯಲ್ಲಿರುವವರು ಇವತ್ತು ಬೇಡವೆಂದರೂ ಕೇಳದೆ ಜೊತೆಗೇ ಬಂದು ಸ್ಟೂಲಿನ ಮೇಲೆ ಕೂತಿದ್ದರು.

ಹಿಂದಕ್ಕೆ ಮಡಚಿದ ಅಂಚಿನಲ್ಲೊಂದು ಬೆರಳಚ್ಚು. ಅರ್ಧವೇ ಇತ್ತು. ಉಳಿ ತಾಗಿ ಅರ್ಧ ಹೋದ ಅಪ್ಪನ ಹೆಬ್ಬೆರಳನ್ನು ಹಿಡಿದುಕೊಂಡೇ ಅವಳು ನಡೆಯಲು ಕಲಿತದ್ದು. ಚಿತ್ರ ಬರೆಯುವ ಹೊಸ ಬಟ್ಟೆಗೆ ಬಿಳಿ ಲೇಪ ಬಳಿದು, ಒಣಗಿತೇ ಎಂದು ಅಪ್ಪ ಅದನ್ನೇ ಅಂಚಿಗೆ ಒತ್ತಿ ನೋಡುತ್ತಿದ್ದರು.

ದುರಸ್ತಿ ಮಾಡುವಾಗ ತಾಗಿರಬಹುದು. ಅಚ್ಚು ಬಣ್ಣದ ಮೇಲಿದ್ದರೆ ಏನೂ ಅಲ್ಲ. ಕೆಳಗಿದ್ದರೆ? ಮೊಣಕೈಯನ್ನು ಮೇಜಿಗೆ ಊರಿ ಭೂತಗನ್ನಡಿ ಹಿಡಿದಳು. ಮೇಲಿರಲಿ, ದೇವರೇ, ಮೇಲಿರಲಿ. ಚಿತ್ರದಲ್ಲಿನ ಕಿಟಕಿ ಪರದೆಯ ನೀಲಿ ಬಣ್ಣ ಅಂಚಿನವರೆಗೂ ಹರಿದು ಬಂದು ಬೆರಳಿನ ಗೆರೆಗಳೊಳಗೆ ಇಳಿದು ಕೂತಿತ್ತು. ಮೊದಲು ಬೆರಳು, ಆಮೇಲೆ ಬಣ್ಣ. ಈ ಕಟ್ಟಡಕ್ಕಿಂತ ಹೆಚ್ಚು ಬೆಲೆಬಾಳುತ್ತಿದ್ದ ಚಿತ್ರ ಕಣ್ಣೆದುರೇ ಬಟ್ಟೆಯ ತುಂಡಾಗಿಬಿಟ್ಟಿತು.

"ಅಪ್ಪಾ..."

"ಸಿಕ್ತಾ?" ಎಂದರು ಅಪ್ಪ.

"ಅಸಲಿ ಎಲ್ಲಿ?"

"ಗೊತ್ತಿಲ್ಲ. ಇಲ್ಲಿ ಆಗಿದ್ದ ದೊಡ್ಡ ಸಾಹೇಬರು ಮನೆಗೊಂದು ನಕಲು ಬೇಕು ಅಂದ್ರು, ಬರೆದುಕೊಟ್ಟೆ. ತಿಂಗಳು ಬಿಟ್ಟು ನೋಡ್ತೀನಿ, ಇಲ್ಲಿನ ಗೋಡೆ ಮೇಲೆ ನನ್ನದೇ! ಬಾಯಿ ಬಿಟ್ರೆ ಕಳ್ಳ ನೀನೇ ಅಂತೀನಿ ಅಂದ್ರು. ನೀನಾಗ ಇಷ್ಟೇ ಇಷ್ಟಿದ್ದೆ. ಹೆದರಿಬಿಟ್ಟೆ ಕಣಮ್ಮ."

ಅವಳಿಗೆ ಸಿಟ್ಟು ಉಕ್ಕಿ ಬಂತು. ಕಾರಿಡಾರಿನಲ್ಲಿ ಪೆಟ್ಟಿಗೆ ತರುವ ಗಾಡಿಯ ಸದ್ದು ಹತ್ತಿರವಾಗುತ್ತಿತ್ತು. ಸಹಿ ಹಾಕಿದರೆ ಅಪ್ಪನ ಮಾನ ಉಳಿಯುತ್ತದೆ. ಹಾಕದಿದ್ದರೆ ನಾಳೆ ಊರೆಲ್ಲ ಅವರ ಮುಖಕ್ಕೆ ಉಗಿಯುತ್ತದೆ.

"ಇಷ್ಟು ವರ್ಷ ನಿಮ್ಮ ಕೈಯಲ್ಲೇ ಇತ್ತಲ್ಲ! ಆ ಅಚ್ಚನ್ನ ಬ್ಲೇಡಿನಿಂದ ಒಂದ್ಸಲ ಕೆರೆದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ."

"ಎಷ್ಟೋ ಸಲ ಬ್ಲೇಡು ಹಿಡ್ಕೊಂಡು ಕೂತಿದ್ದೆ. ಆದ್ರೆ ಅಳಿಸಿಬಿಟ್ರೆ, ಅಸಲಿಯನ್ನ ಹುಡುಕೋರೇ ಇರಲ್ವಲ್ಲ."

ಬಾಗಿಲು ಬಡಿದ ಸದ್ದಾಯಿತು. "ಮೇಡಂ, ಸಹಿ ಆಯ್ತಾ?"

ಅವಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅಪ್ಪ ಎದ್ದು ಬಂದು, ಮೊಹರಿನ ಶಾಯಿಪ್ಯಾಡನ್ನು ಎಳೆದುಕೊಂಡು ಹೆಬ್ಬೆರಳನ್ನು ಅದ್ದಿದರು. ಅವಳ ಸಹಿಗೆಂದು ಬಿಟ್ಟ ಜಾಗದ ಪಕ್ಕದಲ್ಲೇ ಗಟ್ಟಿಯಾಗಿ ಒತ್ತಿದರು.

"ಎರಡೂ ಅಚ್ಚು ಹೋಲಿಸಿ ನೋಡು, ಕಂಡದ್ದನ್ನ ಬರಿ," ಎಂದರು. "ನಾನು ಕಲಿಸಿದ ಹಾಗೆ."